ನೇಕಾರ ತೋಮಿಜೊನ ಬಟಾಣಿ ಬನ್ನು

ಶಿಮೊಮುರಾ ತೋಮಿಜೊನಿಗೆ ಬಟಾಣಿ ಕಂಡರೆ ಆಗುತ್ತಿರಲಿಲ್ಲ. ಅನ್ನದಲ್ಲಿ ಬಿದ್ದಿದ್ದರೆ ಒಂದೊಂದೇ ಹೆಕ್ಕಿ ಬಟ್ಟಲಿನ ಪಕ್ಕಕ್ಕೆ ಇಡುತ್ತಿದ್ದ. ಚಿಕ್ಕಂದಿನಲ್ಲಿ ಅದಕ್ಕಾಗಿ ಅಪ್ಪನಿಂದ ತಲೆಗೆ ಮೊಟಕಿಸಿಕೊಂಡದ್ದೂ ಉಂಟು. ಇಂಥವನು ತನ್ನ ಬದುಕಿನ ಅರ್ಧಭಾಗ, ಅಂಗಡಿಗೆ ರಜೆಯಿರುವ ಭಾನುವಾರ ಒಂದನ್ನು ಬಿಟ್ಟು, ದಿನಾ ಬೆಳಿಗ್ಗೆ ಬಟಾಣಿಯ ಸಿಹಿ ಹೂರಣ ತುಂಬಿದ ಬನ್ನು ತಿಂದ. ಯಾರೂ ಬಲವಂತ ಮಾಡಿರಲಿಲ್ಲ. ಪರರ ಮುಂದೆ ‘ಬೇಡ’ ಅನ್ನುವ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೇ.

ಕ್ಯೋತೋದ ನಿಶಿಜಿನ್‌ನಲ್ಲಿ, ನಮ್ಮ ಸಂದಿಯ ಮೂಲೆಗೆ ಮಾರುಯೋಶಿ ಬೇಕರಿ. ಒಳಗೆ ಒಲೆಯ ಮುಂದೆ ಇವಾಕಿ, ಹೊರಗೆ ಗಾಜಿನ ಕಪಾಟಿನ ಹಿಂದೆ ಅವನ ಹೆಂಡತಿ ಮಿತ್ಸುಯೊ. ಜೇಬಿನ ತಳದಲ್ಲಿ ಸಿಕ್ಕ ನೂರು ಯೆನ್ನಿನ ಒಂದು ನಾಣ್ಯಕ್ಕೆ ಬನ್ನೂ ಬಂದು, ಮೇಲೆ ಮಿತ್ಸುಯೊಳ ನಾಲ್ಕು ಮಾತೂ ಸಿಗುತ್ತಿದ್ದ ಅಂಗಡಿ ಅದು. ನಮ್ಮ ಕಡೆಯ ನೇಕಾರರಿಗೆ ಅನ್ನಕ್ಕಿಂತ ಬನ್ನು ಅನುಕೂಲ. ಅನ್ನಕ್ಕೆ ಬಟ್ಟಲು ಹಿಡಿಯಲು ಒಂದು ಕೈ, ಕಡ್ಡಿ ಹಿಡಿಯಲು ಒಂದು ಕೈ ಬೇಕು. ಬನ್ನಾದರೆ ಒಂದು ಕೈಯಲ್ಲಿ ಹಿಡಿದು ಕಚ್ಚುತ್ತ ಇನ್ನೊಂದರಲ್ಲಿ ಕಡಿದ ಎಳೆಗೆ ಗಂಟು ಹಾಕಬಹುದು. ತೋಮಿಜೊ ಕಿಮೊನೊ ಮೇಲೆ ಸುತ್ತುವ ರೇಷ್ಮೆಯ ನಡುಪಟ್ಟಿ ನೇಯುವವನು. ಅವನ ಮಗ್ಗದ ಕೋಣೆಗೂ ಬೇಕರಿಯ ಹಿತ್ತಿಲಿಗೂ ಒಂದು ಗೋಡೆ ಅಡ್ಡ. ಬೆಳಗಿನ ಹೊತ್ತು ಗೋಡೆಯಾಚೆ ಬಾಣಲೆಯಲ್ಲಿ ಎಣ್ಣೆ ಚುರ್ರೆಂದು, ಮಸಾಲೆ ಬನ್ನಿನ ವಾಸನೆ ಮಗ್ಗದ ತನಕ ಬರುತ್ತಿತ್ತು. ಒಳಗೆ ಗಟ್ಟಿ ಕರ್ರಿ ತುಂಬಿ, ಹೊರಗೆ ಬ್ರೆಡ್ಡಿನ ಪುಡಿ ಹಚ್ಚಿ, ಕೆಂಪಗೆ ಕರಿದ ಬನ್ನು. ಆ ವಾಸನೆಗೆ ಮನಸೋತೇ ತೋಮಿಜೊ ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಹತ್ತುವಾಗ ಕನ್ನಡಕವನ್ನು ಮಗ್ಗದ ಮೇಲೇ ಮರೆತಿದ್ದ. ಬೆರಳು ತೋರಿಸಿದ್ದು ಮಸಾಲೆ ಬನ್ನಿಗೆ. ಬೆರಳು ಹೋಗಿ ನಿಂತದ್ದು ಪಕ್ಕದ ತಟ್ಟೆಯ ಮುಂದೆ.

"ಅಯ್ಯೋ, ಅದನ್ನ ಆರಿಸಿದ್ರಾ ಶಿಮೊಮುರಾ ಹಾನ್!" ಎಂದು ಮಿತ್ಸುಯೊ ಎರಡೂ ಕೈ ಸೇರಿಸಿದಳು. ಹೆಸರಿಗೆ ‘ಹಾನ್’ ಹಚ್ಚಿ ಕರೆಯುವುದು ನಮ್ಮೂರಿನ ಮರ್ಯಾದೆ. "ನಮ್ಮತ್ತೆ ಕೈರುಚಿ ಕಣ್ರೀ ಅದು. ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಅರೆದು... ಈಗಿನೋರಿಗೆ ಅದರ ಬೆಲೆ ಎಲ್ಲಿ ಗೊತ್ತಾಗತ್ತೆ? ನಿಮಗೆ ಗೊತ್ತಾಯ್ತಲ್ಲ!"

ಬಟಾಣಿ ಎಂಬ ಪದ ಕಿವಿಗೆ ಬಿದ್ದ ಕೂಡಲೇ ತೋಮಿಜೊ ಚಾಚಿದ ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಆದರೆ ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಹೊಟ್ಟೆಯ ಮಾತು ಯಾರು ಕೇಳುತ್ತಾರೆ?

"ತಿನ್ನೋ ನಾಲಿಗೆ ಇರ್ಬೇಕಲ್ವಾ, ಮಿತ್ಸುಯೊ ಹಾನ್" ಎಂದುಬಿಟ್ಟ.

ಆ ಒಂದು ಮಾತು ಅವನ ಕೊರಳಿಗೆ ಗಂಟು ಬಿತ್ತು. ಮಾರನೇ ದಿನ ಬಾಗಿಲು ಸರಿಸುವುದರೊಳಗೆ ಮಿತ್ಸುಯೊ ಬಟಾಣಿ ಬನ್ನನ್ನು ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿ ಇಟ್ಟಿದ್ದಳು. "ನಿಮ್ಮದು ಎತ್ತಿಟ್ಟಿದ್ದೀನಿ ಶಿಮೊಮುರಾ ಹಾನ್." ಎತ್ತಿಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಮೂರನೇ ದಿನವೂ ಎತ್ತಿಟ್ಟಿದ್ದಳು. ಒಂದು ವಾರ ಕಳೆಯುವುದರಲ್ಲಿ ಅದು ‘ಶಿಮೊಮುರಾ ಹಾನ್‌ನ ಬನ್ನು’ ಎಂದಾಯಿತು. ಮೇಲಾಗಿ ಮಿತ್ಸುಯೊ ಗಿರಾಕಿಯನ್ನು ಬೀಳ್ಕೊಡಲು ಹೊಸ್ತಿಲಿಗೆ ಬಂದು, ಆತ ಮೂಲೆ ತಿರುಗುವ ತನಕ ಬಾಗಿ ನಿಲ್ಲುವ ಹೆಂಗಸು. ಅವಳ ಕಣ್ಣೆದುರಿಗೆ ಚೀಲ ಹಿಡಿದು ಸುಮ್ಮನೆ ನಡೆದರೆ ಏನು ಚೆನ್ನ? ಅದಕ್ಕೇ ತೋಮಿಜೊ ಬಾಗಿಲಲ್ಲೇ ನಿಂತು ಒಂದು ತುತ್ತು ಕಚ್ಚಿ, "ಆಹಾ" ಎಂದು ತಲೆಯಾಡಿಸಿ ಹೊರಡುತ್ತಿದ್ದ. ಬಿಸಿ ತುಪ್ಪದಂತೆ ನುಂಗಲೂ ಆಗದು, ಉಗುಳಲೂ ಆಗದು. ಮನೆಗೆ ಬಂದು ಉಳಿದದ್ದನ್ನು ಬಿಸಿ ಚಹಾದ ಜೊತೆ ಗುಳಿಗೆಯ ಹಾಗೆ ನುಂಗುತ್ತಿದ್ದ. ಅನ್ನ ಚೆಲ್ಲಬಾರದು ಎಂದು ಹೇಳಿಸಿಕೊಂಡು ಬೆಳೆದ ಜೀವ, ಎಸೆಯಲು ಕೈ ಏಳುತ್ತಿರಲಿಲ್ಲ.

ಹೆಂಡತಿ ಫುಸಾಯೆ ಒಸಾಕದವಳು. ಆ ಊರಿನವರು ಮನಸ್ಸಿಗೂ ನಾಲಿಗೆಗೂ ನಡುವೆ ಬಾಗಿಲು ಇಟ್ಟುಕೊಳ್ಳುವುದಿಲ್ಲ.

"ರೀ, ನಿಮ್ಮೂರಲ್ಲಿ ‘ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ’ ಅಂದ್ರೆ ‘ಎದ್ದು ನಡಿ’ ಅಂತ ಅರ್ಥ" ಎಂದು ಅವಳು ಚುಚ್ಚುತ್ತಿದ್ದಳು. "ಹಾಗಿದ್ಮೇಲೆ ನೀವು ‘ಆಹಾ’ ಅಂದ್ರೆ ‘ಥೂ’ ಅಂತ ಅವರಿಗ್ಯಾಕೆ ಅರ್ಥ ಆಗಲ್ಲ?"

"ನನ್ನ ಆಹಾ ಅಷ್ಟು ಚೆನ್ನಾಗಿ ಬರತ್ತೆ ಕಣೇ. ನೇಕಾರ ಆಗೋ ಬದ್ಲು ನಾಟಕದ ಕಂಪನಿ ಸೇರ್ಬೇಕಿತ್ತು ನಾನು."

"ನಾನೇ ಹೋಗಿ ಹೇಳಿ ಬರ್ಲಾ?"

"ಬೇಡ!"

ಹೆಂಡತಿಯ ಮುಂದೆ ಮಾತ್ರ ಆ ಪದ ಎಣ್ಣೆ ಹಚ್ಚಿದ ಲಾಳಿಯ ಹಾಗೆ ಸರಾಗವಾಗಿ ಹೊರಡುತ್ತಿತ್ತು.

ಪಾರಾಗಲು ಅವನೂ ದಾರಿ ಹುಡುಕದೆ ಇರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ಡಾಕ್ಟರು ಸಿಹಿ ಕಮ್ಮಿ ಮಾಡಿ ಅಂದ್ರು, ಮಿತ್ಸುಯೊ ಹಾನ್" ಎಂದು ಮುಖ ಸಪ್ಪಗೆ ಮಾಡಿಕೊಂಡು ಹೇಳಿದ. ಮಿತ್ಸುಯೊ "ಅಯ್ಯೋ ಪಾಪ" ಎಂದಳು. ತೋಮಿಜೊ ಅಂದು ಬರಿಗೈಯಲ್ಲಿ ಮನೆಗೆ ಬಂದು, ಮಗ್ಗದ ಮೇಲೆ ಕೂತು ಹಾಡು ಗುನುಗಿದ. ಮಾರನೇ ದಿನ ಅವಳು ಸಂಭ್ರಮದಿಂದ ಚೀಲ ಮುಂದೆ ಹಿಡಿದಳು: "ನಮ್ಮನೆಯವರಿಗೆ ಹೇಳಿದೆ. ನಿಮಗೇಂತ ಬೇರೆ ಮಾಡಿದಾರೆ, ಸಕ್ಕರೆ ಅರ್ಧಕ್ಕರ್ಧ ಕಮ್ಮಿ!" ಅಷ್ಟು ದಿನ ಆ ಹೂರಣದಲ್ಲಿ ಸಕ್ಕರೆಯೊಂದಾದರೂ ಬಟಾಣಿಯನ್ನು ಮುಚ್ಚಿಡುತ್ತಿತ್ತು. ಈಗ ಅದೂ ಹೋಗಿ ಬಟಾಣಿ ಬೆತ್ತಲೆಯಾಗಿ ಬಾಯಿಗೆ ಬಂತು.

ಮುಂದಿನ ವರ್ಷ ಹಲ್ಲುನೋವು ಎಂದ. ಬನ್ನು ಮೆತ್ತಗಾಯಿತು, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಎಡವಟ್ಟೆಂದರೆ ಆ ಸಕ್ಕರೆಯ ಸುಳ್ಳಿನಿಂದ ಮಸಾಲೆ ಬನ್ನಿಗೂ ಕಲ್ಲು ಬಿತ್ತು. ಒಮ್ಮೆ ಅವನ ಕಣ್ಣು ಆ ತಟ್ಟೆಯ ಕಡೆ ಹೊರಳಿದ್ದನ್ನು ಮಿತ್ಸುಯೊ ನೋಡಿ, "ಉಹುಂ, ಎಣ್ಣೆ ಪದಾರ್ಥ ನಿಮಗಲ್ಲ. ಅದೇನಿದ್ರೂ ಕಾಲೇಜು ಹುಡುಗರಿಗೆ. ನಿಮ್ಮ ಆರೋಗ್ಯ ನಮಗೆ ಮುಖ್ಯ" ಎಂದು ತಟ್ಟೆಯನ್ನೇ ಆಚೆ ಸರಿಸಿದಳು. ಒಂದು ದಿನ ಆಸೆ ತಡೆಯಲಾರದೆ ಫುಸಾಯೆಯನ್ನು ಕಳಿಸಿದ. ಮಿತ್ಸುಯೊ, "ಮಸಾಲೆ ಬನ್ನು ಯಾರಿಗೆ?" ಎಂದು ಕೇಳಿದಳು. ಗಂಡನ ಕಾಟಕ್ಕೆ ಫುಸಾಯೆ ಜನ್ಮದಲ್ಲಿ ಮೊದಲ ಸಲ ಸುಳ್ಳಾಡಿ, "ನೆಂಟರು ಬಂದಿದಾರೆ" ಎಂದಳು. "ಹೌದಾ! ಹಾಗಾದ್ರೆ ಅವರಿಗೂ ನಿಮ್ಮನೆಯವರ ಬನ್ನಿನ ರುಚಿ ತೋರ್ಸಿ" ಎಂದು ಮಿತ್ಸುಯೊ ಮಸಾಲೆ ಬನ್ನನ್ನು ಅಲ್ಲೇ ಬಿಟ್ಟು ಒಂದು ಚೀಲ ತುಂಬ ಬಟಾಣಿ ಬನ್ನು ಪುಕ್ಕಟೆಯಾಗಿ ಕೊಟ್ಟು ಕಳಿಸಿದಳು. ಆ ಇಲ್ಲದ ನೆಂಟರ ಕ್ಷೇಮಸಮಾಚಾರ ಮುಂದೆ ಚಳಿಗಾಲ ಬರುವ ತನಕ ನಡೆಯಿತು.

"ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಅದು ನಾನೇ" ಎಂದು ತೋಮಿಜೊ ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದ. "ನಾನು ಸತ್ರೆ ನನ್ನ ಗೋರಿ ಮುಂದೆ ಹೂವಿನ ಬದ್ಲು ಇದನ್ನೇ ಇಡ್ತಾರೆ ನೋಡು. ಅದೂ ಸಕ್ಕರೆ ಕಮ್ಮಿ ಹಾಕಿ."

ಈ ನಡುವೆ ಇವಾಕಿಯ ತಾಯಿ ತೀರಿಕೊಂಡಳು. ವರ್ಷಗಟ್ಟಲೆ ಹಾಸಿಗೆ ಹಿಡಿದು ಅಂಗಡಿಯ ಮಹಡಿಯ ಮೇಲೆ ಮಲಗಿದ್ದ ಮುದುಕಿ. ತೋಮಿಜೊ ಅವಳನ್ನು ಸರಿಯಾಗಿ ನೋಡಿರಲೂ ಇಲ್ಲ. ಅಂತ್ಯಕ್ರಿಯೆಗೆ ಹೋಗಿ ಊದುಬತ್ತಿ ಹಚ್ಚಿ ಹಿಂದಿನ ಸಾಲಿನಲ್ಲಿ ಕೂರಲು ಹೋದರೆ, ಇವಾಕಿ ಕೈಹಿಡಿದು ಕರೆದೊಯ್ದು ಮನೆಯವರ ಸಾಲಿನಲ್ಲೇ ಕೂರಿಸಿದ. ಕೂರಿಸಿ ನೆಲಕ್ಕೆ ಹಣೆ ತಾಗುವಂತೆ ಬಾಗಿದ. ಬೇರೆ ಯಾರೋ ಹಿರಿಯರೆಂದು ತಪ್ಪು ತಿಳಿದಿದ್ದಾನೆ ಅನ್ನಿಸಿತು ತೋಮಿಜೊನಿಗೆ. ನಾನು ಆ ಹಿರಿಯ ಅಲ್ಲ ಎಂದು ಹೇಳಬೇಕಿತ್ತು. ಹೇಳಿದನೇ? ಎಲ್ಲಿಯ ಮಾತು. ಮಂತ್ರ ಮುಗಿಯುವ ತನಕ ಕಾಲು ಜೋಮು ಹಿಡಿಸಿಕೊಂಡು ಅಲ್ಲೇ ಕೂತ.

ಹೀಗೆ ದಿನಗಳು ಬನ್ನಿನ ಮೇಲೆ ಬನ್ನಾಗಿ ಹೋದವು. ತೋಮಿಜೊನ ಕೂದಲು ಬೆಳ್ಳಗಾಯಿತು. ಸಂದಿಯ ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಗೆ ಒಂದು ದಿನ ಮಾರುಯೋಶಿಯ ಬಾಗಿಲಿಗೆ ಮಿತ್ಸುಯೊಳ ಚೆಂದದ ಅಕ್ಷರದ ಒಂದು ಚೀಟಿ ಅಂಟಿತು. ಇವಾಕಿಗೆ ತೋಳು ಮೇಲೆತ್ತಲು ಆಗುತ್ತಿಲ್ಲ, ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇವೆ, ಇಷ್ಟು ಕಾಲದ ಪ್ರೀತಿಗೆ ವಂದನೆ.

ಚೀಟಿ ಓದಿದಾಗ ತೋಮಿಜೊನಿಗೆ ಮೊದಲು ಬಂದದ್ದು ಸಂತೋಷ. ಬಟಾಣಿಯಿಂದ ಬಿಡುಗಡೆ! ಆ ಸಂತೋಷ ಮಗ್ಗದ ಕೋಣೆಗೆ ಬಂದು ಕೂರುವ ತನಕವೂ ಉಳಿಯಲಿಲ್ಲ. ಗೋಡೆಯಾಚೆ ಎಣ್ಣೆ ಚುರ್ರೆಂದಿತು, ವಾಸನೆ ಬಂತು, ಅವನು ಲಾಳಿಯನ್ನು ಕೆಳಗಿಟ್ಟ. ಇಷ್ಟು ವರ್ಷ ಒಂದು ಗೋಡೆಯಾಚೆ ಇದ್ದವರಿಗೆ ನನ್ನ ಬಗ್ಗೆ ಒಂದು ನಿಜವೂ ಗೊತ್ತಿಲ್ಲ. ಅವರಿಗೆ ಗೊತ್ತಿರುವ ಶಿಮೊಮುರಾ ಹಾನ್ ಬಟಾಣಿಪ್ರಿಯ, ಸಕ್ಕರೆ ರೋಗಿ, ಹಲ್ಲಿಲ್ಲದವ, ನೆಂಟರಿರುವವ. ಅವನು ನಾನಲ್ಲವೇ ಅಲ್ಲ. ಅಂಗಡಿ ಮುಚ್ಚುವುದರೊಳಗೆ ಒಂದೇ ಒಂದು ಸಲ, ನಾನೇ ಹೋಗಿ, ನನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ ತಿನ್ನದಿದ್ದರೆ ನನ್ನ ಬಾಳು ದಂಡ ಎಂದುಕೊಂಡ.

"ಒಂದು ಮಸಾಲೆ ಬನ್ನು ಕೊಡಿ" ಎಂಬ ಮಾತನ್ನು ಮಗ್ಗದ ಮೇಲೆ ಕೂತು ಕಲಿತ. ಲಾಳಿ ಈ ಕಡೆ ಬಂದಾಗ "ಒಂದು ಮಸಾಲೆ", ಆ ಕಡೆ ಹೋದಾಗ "ಬನ್ನು ಕೊಡಿ".

"ಇದನ್ನ ಹೇಳೋಕೂ ತಾಲೀಮಾ?" ಎಂದು ಫುಸಾಯೆ ಹಣೆ ಚಚ್ಚಿಕೊಂಡಳು. "ನನ್ನನ್ನ ಮದುವೆಗೆ ಕೇಳುವಾಗ್ಲೂ ಇಷ್ಟು ತಾಲೀಮು ಮಾಡಿರ್ಲಿಲ್ಲ."

"ಅವತ್ತು ಕೇಳಿದ್ದು ನೀನು."

"ಹೌದಲ್ಲ! ನಾನು ಕಾದಿದ್ರೆ ಇವತ್ತಿಗೂ ಕನ್ಯೆಯಾಗಿ ಇರ್ತಿದ್ದೆ."

ತಾಲೀಮು ನಡೆಯುತ್ತಲೇ ಇತ್ತು. ಬಾಗಿಲು ಸರಿಸಿದ ಕೂಡಲೇ ಮಿತ್ಸುಯೊ ಚೀಲ ಹಿಡಿದು ನಗುತ್ತಿದ್ದಳು, ಕಲಿತ ಮಾತು ಹಲ್ಲಿನ ಹಿಂದೆಯೇ ಕೂತುಬಿಡುತ್ತಿತ್ತು. ಹೀಗೆ ತಿಂಗಳೇ ಮುಗಿದು ಕೊನೆಯ ದಿನ ಬಂತು.

ಅಂದು ಮಾರುಯೋಶಿಯ ಮುಂದೆ ಜಾತ್ರೆ. ಊರು ಬಿಟ್ಟು ಹೋದವರೂ, ಎಂದೂ ಕಾಲಿಡದವರೂ ಸಾಲುಗಟ್ಟಿದ್ದರು. ಮುಚ್ಚುವ ಅಂಗಡಿಯ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕುತ್ತದೆ. ತೋಮಿಜೊ ಕನ್ನಡಕ ಮರೆಯದೆ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಿನಲ್ಲಿ ನಿಂತ. ನಿಂತದ್ದೇನೋ ಸರಿ, ಹಿಂದೆ ಮಗು ಎತ್ತಿಕೊಂಡವಳು ಬಂದಳು, "ನೀವು ಮುಂದೆ ಹೋಗಿ" ಎಂದ. ಕೋಲೂರಿದ ಮುದುಕ ಬಂದ, "ನೀವು ಮೊದಲು" ಎಂದ. ಆ ಮುದುಕ ಇವನಿಗಿಂತ ಚಿಕ್ಕವನೇ ಇದ್ದಿರಬೇಕು. ಗಾಜಿನಾಚೆ ಮಸಾಲೆ ಬನ್ನಿನ ತಟ್ಟೆ ಖಾಲಿಯಾಗುತ್ತ ಬಂತು. ತೋಮಿಜೊ ಒಳಗೆ ಕಾಲಿಟ್ಟಾಗ ತಟ್ಟೆಯಲ್ಲಿ ಉದುರಿದ ಪುಡಿ ಬಿಟ್ಟರೆ ಏನೂ ಇರಲಿಲ್ಲ.

"ಸೈ, ತೋಮಿಜೊ" ಎಂದು ತನಗೆ ತಾನೇ ಶಭಾಸ್ ಹೇಳಿಕೊಂಡ. "ಗೋರಿಗೂ ಹೀಗೇ ಜಾಗ ಬಿಟ್ಟುಕೊಡು, ಸಾಯೋದೇ ತಪ್ಪತ್ತೆ."

ಅವನೇ ಕೊನೆಯ ಗಿರಾಕಿ. ಅಂಗಡಿ ತೆರೆದಿದೆಯೆಂದು ತೋರಿಸುವ ಬಾಗಿಲಿನ ಪರದೆಯನ್ನು ಮಿತ್ಸುಯೊ ಇಳಿಸಿ ಒಳಗೆ ತಂದು ಮಡಚಿದಳು. ಆಮೇಲೆ ಹಿಂದಿನ ಕೋಣೆಯಿಂದ, ಎಂದೂ ಹೊರಗೆ ಬಾರದ ಇವಾಕಿ ಹಿಟ್ಟಿನ ಕೈ ಒರೆಸುತ್ತ ಬಂದ. ತಲೆಯ ಬಿಳಿ ಟೋಪಿ ತೆಗೆದ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ, ಸೊಂಟ ಬಗ್ಗಿಸಿ, ತೋಮಿಜೊನಿಗೆ ಬಾಗಿದರು.

"ಶಿಮೊಮುರಾ ಹಾನ್, ಇಷ್ಟು ವರ್ಷ ನೀವು ಪಟ್ಟ ಕಷ್ಟಕ್ಕೆ ನಾವು ಏನು ಕೊಟ್ರೂ ಸಾಲಲ್ಲ" ಎಂದ ಇವಾಕಿ.

"ಕಷ್ಟಾನಾ?"

"ನಮ್ಮಮ್ಮ ಮೇಲ್ಗಡೆ ಕಿಟಕಿ ಪಕ್ಕ ಮಲಗಿರ್ತಿದ್ರಲ್ಲ. ನೀವು ಬಾಗಿಲಲ್ಲಿ ನಿಂತು ಬನ್ನು ಕಚ್ಚೋದನ್ನ ದಿನಾ ನೋಡೋರು. ಮೊದಲನೇ ವಾರದಲ್ಲೇ ನಮಗೆ ಹೇಳಿದ್ರು: ‘ಪಾಪ, ಆ ನೇಕಾರಂಗೆ ನನ್ನ ಬನ್ನು ಸೇರಲ್ಲ ಕಣೋ. ಮುಖ ನೋಡು, ಕಷಾಯ ಕುಡಿದಂಗೆ ಮಾಡ್ತಾನೆ. ಆದ್ರೂ ಬರ್ತಾನೆ, ಈ ಮುದುಕಿ ಮನಸ್ಸು ನೋಯಬಾರದು ಅಂತ.’"

"ನಿಮ್ಮನ್ನ ನೋಡೋಕೇ ಅತ್ತೆ ಬೆಳಿಗ್ಗೆ ಎದ್ದು ತಲೆ ಬಾಚಿಸ್ಕೊಳ್ಳೋರು" ಎಂದಳು ಮಿತ್ಸುಯೊ. ಅವಳ ಕಣ್ಣು ಒದ್ದೆಯಾಗಿತ್ತು. "ಒಂದು ಭಾನುವಾರ ಬಂದ್ರೆ ಸಾಕು, ‘ನನ್ನ ನೇಕಾರ ಎಲ್ಲಿ’ ಅಂತ ಒಂದೇ ಗಲಾಟೆ."

ತೋಮಿಜೊ ತಲೆಯೆತ್ತಿ ಮಹಡಿಯ ಕಡೆ ನೋಡಿದ.

"ಅಮ್ಮ ಹೋದ್ಮೇಲೆ ‘ಇನ್ನು ಸಾಕು, ತಿನ್ಬೇಡಿ’ ಅಂತ ನಿಮಗೆ ಹೇಳ್ಬೇಕು ಅಂತಿದ್ದೆ" ಎಂದ ಇವಾಕಿ, ಟೋಪಿಯನ್ನು ಹಿಂಡುತ್ತ. "ಹೇಗೆ ಹೇಳೋದು? ಹೇಳಿದ್ರೆ ನಿಮಗೆ ಅದು ಸೇರಲ್ಲ ಅಂತ ನಮಗೆ ಮೊದ್ಲೇ ಗೊತ್ತಿತ್ತು ಅಂದಂಗಾಗತ್ತೆ. ನಿಮ್ಮ ಮುಖಕ್ಕೆ ಹೊಡೆದಂಗೆ. ಅದಕ್ಕೇ ಬೇಯಿಸ್ತಾ ಬಂದೆ."

"ಬೇರೆಯೋರೂ ತಗೊಳ್ತಿದ್ರಲ್ಲ?"

"ಅಮ್ಮ ಹೋದ್ಮೇಲೆ ಯಾರೂ ಇಲ್ಲ. ದಿನಾ ಒಂದು ಹಿಡಿ ಬಟಾಣಿ, ಒಂದು ಬನ್ನು. ನಿಮಗೊಬ್ಬರಿಗೇ."

ತೋಮಿಜೊನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಂತ್ಯಕ್ರಿಯೆಯ ದಿನದ ಮುಂದಿನ ಸಾಲು ನೆನಪಾಯಿತು. ಇನ್ನೂ ಕತ್ತಲಿರುವಾಗಲೇ ಎದ್ದು, ನೋಯುವ ತೋಳಿನಲ್ಲಿ, ತಿನ್ನಲಾರದವನಿಗಾಗಿ ಒಂದು ಹಿಡಿ ಬಟಾಣಿ ಅರೆಯುತ್ತಿದ್ದ ಇವಾಕಿ ಕಣ್ಣಿಗೆ ಕಟ್ಟಿದ. ಸುಮ್ಮನೆ ಒಂದು ಸಲ ಬಾಗಿದ್ದರೆ ಸಾಕಿತ್ತು, ತೋಮಿಜೊ ನಮ್ಮ ಸಂದಿಯ ಪುಣ್ಯಾತ್ಮನಾಗಿ ಮನೆಗೆ ಹೋಗಬಹುದಿತ್ತು. ಅವನ ಬೆನ್ನು ಬಾಗಲು ಹೊರಟೂ ಇತ್ತು.

"ನನಗೆ ಗೊತ್ತಿರ್ಲಿಲ್ಲ" ಎಂದುಬಿಟ್ಟ. ತನ್ನ ದನಿ ತನಗೇ ಯಾರದೋ ಅನ್ನಿಸಿತು. "ಅಜ್ಜಿ ಕಿಟಕೀಲಿ ಇದ್ದಿದ್ದೇ ನನಗೆ ಗೊತ್ತಿರ್ಲಿಲ್ಲ. ಒಳ್ಳೆಯವನೂ ಅಲ್ಲ ನಾನು, ಎಂಥದ್ದೂ ಅಲ್ಲ. ಪುಕ್ಕಲ. ಮೊದಲನೇ ದಿನ ನನಗೆ ಬೇಕಾಗಿದ್ದು ಮಸಾಲೆ ಬನ್ನು. ಕನ್ನಡಕ ಇರಲಿಲ್ಲ."

ಮಿತ್ಸುಯೊ ಮಡಚಿದ ಪರದೆಯನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಆ ಸಕ್ಕರೆ ಕಾಯಿಲೆ?"

"ಇಲ್ಲ."

"ಹಲ್ಲುನೋವು?"

"ಹಲ್ಲೆಲ್ಲ ಗಟ್ಟಿ ಇದೆ."

"ಆ ನೆಂಟರು? ಚಳಿಗೆ ಕೆಮ್ಮು ಅಂದಿದ್ರಿ, ನಾನು ಶುಂಠಿ ಬೇರೆ ಕಳಿಸಿದ್ದೆ!"

"ಶುಂಠಿ ಚೆನ್ನಾಗಿತ್ತು" ಎಂದ ತೋಮಿಜೊ. "ಅದು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು."

ಇವಾಕಿಯ ಗಂಟಲಿನಿಂದ ಕೆಮ್ಮಿನಂಥದ್ದೊಂದು ಬಂತು. ಎರಡನೆಯದು ಬಂದಾಗ ಅದು ನಗು ಎಂದು ತಿಳಿಯಿತು. ಹೆಂಡತಿಯೇ ಅವನು ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಅವನು ನಗುತ್ತಲೇ ಟೋಪಿ ಹಾಕಿಕೊಂಡು ಒಳಗೆ ಹೋದ. ಒಲೆ ಹತ್ತಿದ ಸದ್ದು, ಪಾತ್ರೆಯ ತಳ ಕೆರೆಯುವ ಸದ್ದು, ಆಮೇಲೆ ತೋಮಿಜೊ ಗೋಡೆಯಾಚೆಯಿಂದ ಇಷ್ಟು ವರ್ಷ ಕೇಳಿದ ಆ ಚುರ್ರ್.

ಉಳಿದ ಹಿಟ್ಟಿನ ಚೂರುಗಳನ್ನು ಕೂಡಿಸಿ ಮಾಡಿದ ಬನ್ನು ಸೊಟ್ಟಗಿತ್ತು. ಗಂಡ ಹೆಂಡತಿ ಎದುರಿಗೆ ನಿಂತರು. ತೋಮಿಜೊ ಕಚ್ಚಿದ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು, ಸುಟ್ಟದ್ದಕ್ಕೋ ಇನ್ಯಾತಕ್ಕೋ.

"ಹೇಗಿದೆ?" ಎಂದಳು ಮಿತ್ಸುಯೊ.

"ಆಹಾ..." ಎಂದು ಹೊರಟ ತಲೆ ಅರ್ಧಕ್ಕೇ ನಿಂತಿತು. ತೋಮಿಜೊ ಇನ್ನೊಂದು ತುತ್ತು ಕಚ್ಚಿ, ಅಗಿದು, ನುಂಗಿದ.

"ಖಾರ ಸ್ವಲ್ಪ ಸಾಲದು" ಎಂದ.

ನಮ್ಮ ಸಂದಿಯಲ್ಲಿ ಮಾಡಿದವನ ಎದುರಿಗೆ ಇಂಥ ಮಾತನ್ನು ಯಾರೂ ಆಡಿದ್ದಿಲ್ಲ. ಇವಾಕಿಯ ಹುಬ್ಬು ಮೇಲೇರಿತು. ಕೈ ಚಾಚಿ ಬನ್ನಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದ.

"ಹೌದು. ಸಾಲದು" ಎಂದ. "ನಾಳೆ ಸರಿ ಮಾಡ್ತೀನಿ."

ಮಾತು ಹೊರಗೆ ಬಿದ್ದ ಮೇಲೆ, ನಾಳೆ ಅಂಗಡಿಯಿಲ್ಲ ಎಂಬುದು ಮೂವರಿಗೂ ನೆನಪಾಯಿತು. ಮಿತ್ಸುಯೊ ಕೈಯಲ್ಲಿದ್ದ ಪರದೆಯನ್ನು ನೋಡಿದಳು. ಇವಾಕಿ ತನ್ನ ತೋಳನ್ನು ನೋಡಿಕೊಂಡ. ತೋಮಿಜೊ ಬಾಯಿ ಒರೆಸಿಕೊಂಡು ಬಾಗಿಲ ಕಡೆ ತಿರುಗಿದ.

"ಹಾಗಾದ್ರೆ ನಾಳೆ ಬರ್ತೀನಿ" ಎಂದ.

ಮಿತ್ಸುಯೊ ಹೊಸ್ತಿಲ ತನಕ ಬಂದಳು.

"ಬನ್ನಿ ಶಿಮೊಮುರಾ ಹಾನ್" ಎಂದಳು. "ಎತ್ತಿಟ್ಟಿರ್ತೀನಿ."